ಅಪ್ಪನ ಪುಸ್ತಕದಲ್ಲಿ ಪೆಲೆ, ಮಗನ ಗೋಡೆ ಮೇಲೆ ಮೆಸ್ಸಿ: ಯಾವ ಸಹಿ ನಿಜ?

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಫುಟ್‌ಬಾಲ್ ಹುಚ್ಚು ಜಾಸ್ತಿ. ಅವನ ಹುಟ್ಟುಹಬ್ಬಕ್ಕೆ ಮೆಸ್ಸಿ ಸಹಿ ಇರುವ ಜೆರ್ಸಿಯನ್ನು ಆನ್‌ಲೈನ್‌ನಲ್ಲಿ 18,500 ರೂಪಾಯಿ ಕೊಟ್ಟು ತರಿಸಿದೆವು. ಫ್ರೇಮ್ ಹಾಕಿ, ಹೊಲೊಗ್ರಾಮ್ ಇರುವ ಸರ್ಟಿಫಿಕೇಟ್ ಜೊತೆ ಬಂತು. ಮೊನ್ನೆ ಅವನ ಕೋಚ್ ಮನೆಗೆ ಬಂದವರು ನೋಡಿ, "ಇದು ಡೂಪ್ಲಿಕೇಟ್" ಅಂದರು. ಸರ್ಟಿಫಿಕೇಟ್ ಇದೆಯಲ್ಲ? ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇನ್ನೊಂದು ವಿಷಯ. ನಮ್ಮಪ್ಪ ರೈಲ್ವೆಯಲ್ಲಿದ್ದರು. 1977ರಲ್ಲಿ ಖರಗ್‌ಪುರದಲ್ಲಿದ್ದಾಗ ಕಲ್ಕತ್ತಾಗೆ ಹೋಗಿ ಪೆಲೆ ಆಟ ನೋಡಿ ಬಂದಿದ್ದರು. ಅವರ ಆಟೋಗ್ರಾಫ್ ಪುಸ್ತಕದಲ್ಲಿ ಪೆಲೆ ಸಹಿ ಇದೆ. ಅಪ್ಪ ಈಗಿಲ್ಲ, ಅಮ್ಮ ಇದ್ದಾರೆ. ಪುಸ್ತಕ ಮಾರುವ ಯೋಚನೆ ಇಲ್ಲ. ಅದೂ ಸುಳ್ಳಾಗಿಬಿಟ್ಟರೆ ಅಂತ ಭಯ. ಆ ಪುಟ ಕತ್ತರಿಸಿ ಲ್ಯಾಮಿನೇಟ್ ಮಾಡಿಸೋಣ ಅಂತ ನಮ್ಮ ಮನೆಯವರು ಹೇಳುತ್ತಿದ್ದಾರೆ. ಮಗ ವಿದೇಶದ ಕ್ಲಬ್‌ಗಳಿಗೂ ಪತ್ರ ಬರೆದಿದ್ದ. ಬಂದಿದ್ದು ಒಂದೇ ಕಾರ್ಡು, ಅದರಲ್ಲೂ ಸಹಿ ಪ್ರಿಂಟ್ ಆಗಿತ್ತು. ಈ ಹವ್ಯಾಸ ಬಿಡಿಸಬೇಕಾ, ಮುಂದುವರಿಸಬೇಕಾ? ಜೆರ್ಸಿ ಮತ್ತು ಪೆಲೆ ಪುಟದ ಫೋಟೋ ಕಳಿಸಿದ್ದೇವೆ. (ಹುಬ್ಬಳ್ಳಿಯ ಓದುಗರು)

ಉತ್ತರ: ಮೊದಲು ಕತ್ತರಿ ಒಳಗಿಡಿ. ಉಳಿದದ್ದೆಲ್ಲ ನಿಧಾನವಾಗಿ ಮಾತಾಡೋಣ. ಆದರೆ ಆ ಪುಟವನ್ನು ಪುಸ್ತಕದಿಂದ ಬೇರೆ ಮಾಡಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು 26 ವರ್ಷದಿಂದ ಸಹಿ, ದಸ್ತಾವೇಜು ಪರೀಕ್ಷೆ ಮಾಡುತ್ತಿದ್ದೇನೆ. ವಿಲ್, ಕ್ರಯಪತ್ರ, ಚೆಕ್ಕು, ಇವೇ ದಿನದ ಕೆಲಸ. ಆಟಗಾರರ ಸಹಿ ತರುವವರು ಕಡಿಮೆ. ತಂದಾಗ ನನಗೆ ಖುಷಿ, ಯಾಕಂದರೆ ಚಿಕ್ಕಂದಿನಲ್ಲಿ ನಾನೂ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಗೇಟಿನ ಹತ್ತಿರ ಪುಸ್ತಕ ಹಿಡಿದು ನಿಂತವನೇ. ನೀವು ಕೇಳಿದ್ದು ಮೂರು ವಿಷಯ, ಆದರೆ ಅದರ ಹಿಂದಿನ ಸಂಕಟ ಒಂದೇ. ಮಗನಿಗೆ ಕೊಟ್ಟ ಉಡುಗೊರೆ ಸುಳ್ಳಾಯಿತು, ಈಗ ಅಪ್ಪನ ನೆನಪೂ ಸುಳ್ಳಾಗುತ್ತಾ ಅನ್ನೋದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎರಡರ ದಾರಿ ಪೂರ್ತಿ ಬೇರೆ.

ಜೆರ್ಸಿಯಿಂದ ಶುರು ಮಾಡೋಣ. ನೀವು ಕಳಿಸಿದ ಫೋಟೋ ನೋಡಿದೆ. ಫೋಟೋ ನೋಡಿ ತೀರ್ಪು ಕೊಡುವುದು ನನ್ನ ಕೆಲಸದಲ್ಲಿ ತಪ್ಪು. ಹಾಗಾಗಿ ನೀವೇ ಮನೆಯಲ್ಲಿ ನೋಡುವ ದಾರಿ ಹೇಳುತ್ತೇನೆ. ಮೊದಲು ಫ್ರೇಮು, ಸರ್ಟಿಫಿಕೇಟು, ಬಂದ ಡಬ್ಬಿ, ಬಿಲ್ಲು ಎಲ್ಲದರ ಫೋಟೋ ತೆಗೆದಿಡಿ. ಆಮೇಲೆ ಫ್ರೇಮಿನ ಹಿಂಬದಿ ಬಿಚ್ಚಿ, ಬಟ್ಟೆಯನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇದ್ದರೆ ಒಳ್ಳೇದು. ವಾಚ್ ರಿಪೇರಿಯವರ ಹತ್ತಿರ ಸಿಗುತ್ತದೆ.

ಮಾರ್ಕರ್ ಪೆನ್ನಿನ ಶಾಯಿ ಬಟ್ಟೆ ಮೇಲೆ ಬಿದ್ದರೆ ಎಳೆ ಹಿಡಿದು ಹರಿಯುತ್ತದೆ. ಗೆರೆಯ ಅಂಚು ಒರಟಾಗಿರುತ್ತದೆ. ಪೆನ್ನು ನಿಂತ ಕಡೆ, ತಿರುಗಿದ ಕಡೆ ಶಾಯಿ ಜಾಸ್ತಿ ಇಳಿದಿರುತ್ತದೆ. ಕೈ ಓಡಿದ ಕಡೆ ತೆಳುವಾಗಿರುತ್ತದೆ. ಪ್ರಿಂಟ್ ಆಗಿದ್ದರೆ ಈ ಏರಿಳಿತ ಇರೋದಿಲ್ಲ. ಶುರುವಿನಿಂದ ಕೊನೆಯವರೆಗೆ ಒಂದೇ ಕಪ್ಪು. ಬಿಸಿ ಮಾಡಿ ಅಂಟಿಸಿದ್ದಾದರೆ ಬೆರಳಿಗೆ ತೆಳು ಪೊರೆ ಸಿಗುತ್ತದೆ, ಬಟ್ಟೆ ಎಳೆದರೆ ಸಣ್ಣ ಬಿರುಕು ಕಾಣುತ್ತದೆ. ಇಷ್ಟು ನೋಡಿದರೆ ಪ್ರಿಂಟೋ ಪೆನ್ನೋ ಗೊತ್ತಾಗುತ್ತದೆ. ಪೆನ್ನಿನಿಂದ ಬರೆದಿದ್ದೇ ಆದರೂ ಅದು ಮೆಸ್ಸಿಯ ಕೈಯೇ ಅನ್ನೋಕೆ ಆಗಲ್ಲ, ಅದು ಬೇರೆ ಪ್ರಶ್ನೆ.

ಆ ಪ್ರಶ್ನೆಗೆ ನಾವು ನೋಡೋದು ಮುಖ್ಯವಾಗಿ ಒಂದನ್ನೇ. ಬರೆದದ್ದು ಬೇರೆ, ಬಿಡಿಸಿದ್ದು ಬೇರೆ. ದಿನಕ್ಕೆ ನೂರಾರು ಸಹಿ ಹಾಕುವವನ ಕೈ ಯೋಚನೆ ಮಾಡೋದಿಲ್ಲ. ಪೆನ್ನು ಕಾಗದ ಮುಟ್ಟುವ ಮೊದಲೇ ಓಡುತ್ತಿರುತ್ತದೆ, ಬಿಟ್ಟ ಮೇಲೂ ಓಡುತ್ತಿರುತ್ತದೆ. ಹಾಗಾಗಿ ಗೆರೆಯ ತುದಿಗಳು ಚೂಪಾಗಿ ಕರಗುತ್ತವೆ. ನೋಡಿ ನೋಡಿ ನಕಲು ಮಾಡುವವನು ಆಕಾರ ಬಿಡಿಸುತ್ತಾನೆ. ಅವನ ಗೆರೆಯ ತುದಿ ಮೊಂಡು, ನಡುವೆ ಸಣ್ಣ ನಡುಕ, ಬೇಡದ ಕಡೆ ಪೆನ್ನು ಎತ್ತಿ ಮತ್ತೆ ಇಟ್ಟ ಗುರುತು. ಇನ್ನೊಂದು: ಯಾವ ಮನುಷ್ಯನೂ ಒಂದೇ ಸಹಿಯನ್ನು ಎರಡು ಸಲ ಅಚ್ಚು ಹೊಡೆದ ಹಾಗೆ ಹಾಕೋದಿಲ್ಲ. ಎರಡು ಸಹಿ ಒಂದರ ಮೇಲೊಂದು ಇಟ್ಟಾಗ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತರೆ ಅದು ಯಂತ್ರದ್ದೋ, ನಕಲೋ ಆಗಿರುತ್ತದೆ. ಮಾರಾಟಗಾರರ ಪುಟದಲ್ಲಿ ಅದೇ ಜೆರ್ಸಿ ಬೇರೆಯವರಿಗೂ ಮಾರಿದ ಫೋಟೋ ಇದೆಯಾ ನೋಡಿ. ಸಹಿ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಇದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಸರ್ಟಿಫಿಕೇಟ್ ಇದೆಯಲ್ಲ ಅಂತ ನೀವು ಕೇಳಿದ್ದೀರಿ. ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ. ಸಹಿ ನಕಲು ಮಾಡೋದು ಕಷ್ಟ, ಸರ್ಟಿಫಿಕೇಟ್ ನಕಲು ಮಾಡೋದು ಸುಲಭ. ಅಮೆರಿಕದಲ್ಲಿ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಅಂತ ದೊಡ್ಡ ತನಿಖೆ ಮಾಡಿ 1999ರ ಅಕ್ಟೋಬರ್‌ನಲ್ಲಿ ದಾಳಿ ಮಾಡಿತು. ಸಿಕ್ಕಿಬಿದ್ದ ಜಾಲ ಆಟಗಾರರ ಸಹಿಗಳ ಜೊತೆಗೆ ಅವುಗಳ ಸರ್ಟಿಫಿಕೇಟನ್ನೂ ತಾನೇ ತಯಾರಿಸುತ್ತಿತ್ತು. ಮದರ್ ತೆರೇಸಾ ಸಹಿ ಮಾಡಿದ್ದು ಅಂತ ಹೇಳಿ ಬೇಸ್‌ಬಾಲ್‌ಗಳನ್ನೂ ಅವರು ಮಾರಿದ್ದರು! ಅಂದರೆ ಕೊಳ್ಳುವವರು ಚೆಂಡಿಗಿಂತ ಆ ಕಾಗದವನ್ನೇ ನಂಬಿದ್ದರು.

ಹಾಗಂತ ಎಲ್ಲ ಸರ್ಟಿಫಿಕೇಟೂ ಸುಳ್ಳಲ್ಲ. ಕೊಟ್ಟವರು ಯಾರು ಅನ್ನೋದು ಮುಖ್ಯ. ಮಾರುವವನೇ ತಾನೇ ಬರೆದುಕೊಟ್ಟದ್ದಕ್ಕೆ ಬೆಲೆಯಿಲ್ಲ. ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಇವು ಅಮೆರಿಕದಲ್ಲಿ ಸಹಿ ಪರೀಕ್ಷೆಯನ್ನೇ ಕಸುಬು ಮಾಡಿಕೊಂಡ ಸಂಸ್ಥೆಗಳು. ಬ್ರಿಟನ್‌ನಲ್ಲಿ ಆಫ್ಟಾಲ್ ಅಂತ ಮಾರಾಟಗಾರರ ಸಂಘ ಇದೆ. ಐಕಾನ್ಸ್ ಎಂಬ ಕಂಪನಿ ಮೆಸ್ಸಿಯನ್ನು ಕೂರಿಸಿ ಸಹಿ ಹಾಕಿಸಿ, ಅದನ್ನು ಅಧಿಕೃತವಾಗಿ ಮಾರುತ್ತದೆ. ಅಂಥ ಕಡೆ ಅವನ ಸಹಿಯ ಜೆರ್ಸಿಗೆ ಸಾಮಾನ್ಯವಾಗಿ ಲಕ್ಷ ರೂಪಾಯಿ ದಾಟುತ್ತದೆ. 18,500ಕ್ಕೆ, ಅದೂ ಫ್ರೇಮ್ ಸಮೇತ ಸಿಕ್ಕಿದೆ ಅಂದಾಗಲೇ ಅನುಮಾನ ಪಡಬೇಕಿತ್ತು. ನಿಮ್ಮನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಮಗನ ಮುಖದಲ್ಲಿ ನಗು ನೋಡಬೇಕು ಅಂತ ಕೊಂಡವರು ಲೆಕ್ಕ ಹಾಕೋದಿಲ್ಲ, ಮಾರುವವರಿಗೆ ಅದು ಚೆನ್ನಾಗಿ ಗೊತ್ತು.

ಹೊಲೊಗ್ರಾಮ್ ಮೇಲೆ ನಂಬರ್ ಇದ್ದರೆ ಕೊಟ್ಟ ಸಂಸ್ಥೆಯ ಜಾಲತಾಣದಲ್ಲಿ ಹುಡುಕಿ. ವಿಳಾಸ ನೀವೇ ಟೈಪ್ ಮಾಡಿ. ಸರ್ಟಿಫಿಕೇಟ್ ಮೇಲಿನ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಬೇಡಿ, ಅದು ಅವರದೇ ನಕಲಿ ಪುಟಕ್ಕೆ ಕರಕೊಂಡು ಹೋಗಬಹುದು. ನಂಬರ್ ಸಿಕ್ಕಿದರೆ ಅಲ್ಲಿರುವ ವಿವರ, ಫೋಟೋ ನಿಮ್ಮ ಜೆರ್ಸಿಗೆ ಹೊಂದುತ್ತದಾ ನೋಡಿ. ಬೇರೆ ವಸ್ತುವಿನ ನಂಬರನ್ನೇ ಕದ್ದು ಹಾಕುವವರೂ ಇದ್ದಾರೆ.

ನಕಲಿ ಅಂತ ಖಚಿತವಾದರೆ ಸುಮ್ನೆ ಬಿಡಬೇಡಿ. ಮಾರಿದವರಿಗೆ ಬರವಣಿಗೆಯಲ್ಲಿ ದುಡ್ಡು ವಾಪಸ್ ಕೇಳಿ. ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿ ಇದೆ. ದುಡ್ಡು ಬಂದೇ ಬರುತ್ತದೆ ಅಂತ ನಾನು ಹೇಳಲಾರೆ, ಮಾರಾಟಗಾರ ವಿದೇಶದವನಾದರೆ ಕಷ್ಟ. ಆದರೆ ಒಂದು ಮಾತ್ರ ಮಾಡಬೇಡಿ. ಹೋದ ದುಡ್ಡು ಬರಲಿ ಅಂತ ಅದನ್ನು ಇನ್ನೊಬ್ಬರಿಗೆ ‘ನಿಜವಾದದ್ದು’ ಅಂತ ಮಾರಬೇಡಿ. ಗೊತ್ತಿದ್ದೂ ಮಾರಿದರೆ ಅದು ನಿಮ್ಮ ಮೋಸವಾಗುತ್ತದೆ.

ಇನ್ನು ಅಪ್ಪನ ಪುಸ್ತಕ. ನಿಮ್ಮ ಪತ್ರ ಓದುವಾಗ ನಾನು ನಿಂತಿದ್ದು ಇಲ್ಲಿ.

ಆ ಆಟ ನಡೆದದ್ದು 1977ರ ಸೆಪ್ಟೆಂಬರ್ 24ರಂದು, ಈಡನ್ ಗಾರ್ಡನ್ಸ್‌ನಲ್ಲಿ. ಪೆಲೆ ಆಗ ಆಡುತ್ತಿದ್ದ ನ್ಯೂಯಾರ್ಕ್ ಕಾಸ್ಮೋಸ್ ಮತ್ತು ಕಲ್ಕತ್ತಾದ ಮೋಹನ್ ಬಾಗಾನ್ ಕ್ಲಬ್ ನಡುವೆ. ಫಲಿತಾಂಶ 2-2. ಮೋಹನ್ ಬಾಗಾನ್ ಪರ ಗೋಲು ಹೊಡೆದವರು ಶ್ಯಾಮ್ ಥಾಪಾ ಮತ್ತು ಮೊಹಮ್ಮದ್ ಹಬೀಬ್. ಕಾಸ್ಮೋಸ್‌ನಲ್ಲಿ ಪೆಲೆ ಜೊತೆ ಕಾರ್ಲೋಸ್ ಆಲ್ಬರ್ಟೊ ಇದ್ದ, 1970ರಲ್ಲಿ ವಿಶ್ವಕಪ್ ಎತ್ತಿದ ಬ್ರೆಜಿಲ್ ನಾಯಕ. ಇದಾದ ಒಂದೇ ವಾರಕ್ಕೆ, ಅಕ್ಟೋಬರ್ 1ಕ್ಕೆ, ಪೆಲೆ ತನ್ನ ವಿದಾಯದ ಆಟ ಆಡಿದ. ಅಂದರೆ ನಿಮ್ಮಪ್ಪ ನೋಡಿದ್ದು ಪೆಲೆಯ ಕೊನೇ ಆಟಗಳಲ್ಲಿ ಒಂದು. ಸಹಿಯ ಕಥೆ ಏನೇ ಆಗಲಿ, ಇದನ್ನು ನಿಮ್ಮ ಮಗನಿಗೆ ಹೇಳಿ.

ಫೋಟೋದಲ್ಲಿ ನನಗೆ ಕಂಡದ್ದು ಇಷ್ಟು. ನೀಲಿ ಬಾಲ್‌ಪೆನ್ನಿನ ಗೆರೆ, ಒಂದೆರಡು ಕಡೆ ಶಾಯಿ ಗುಡ್ಡೆಯಾಗಿದೆ. ಆ ಕಾಲದ ಬಾಲ್‌ಪೆನ್ನಿಗೆ ಅದು ಸಹಜ. ಪುಟವನ್ನು ತಿರುಗಿಸಿ, ಒಣ ಕೈಯಿಂದ, ಬೆರಳ ತುದಿಯಲ್ಲಿ ಮೆಲ್ಲಗೆ ಸವರಿ ನೋಡಿ. ಬಾಲ್‌ಪೆನ್ನು ಒತ್ತಿ ಬರೆದರೆ ಹಿಂಬದಿಯಲ್ಲಿ ಗೆರೆ ಉಬ್ಬಿ ಸಿಗುತ್ತದೆ, ಕುರುಡರ ಅಕ್ಷರದ ಹಾಗೆ. ಪುಸ್ತಕವನ್ನು ಕೈಯಲ್ಲೇ ಹಿಡಿದು, ಜನರ ನಡುವೆ ಬರೆಸಿದ್ದಾದರೆ ಉಬ್ಬು ಸಮ ಇರೋದಿಲ್ಲ. ಆಧಾರ ಸಿಕ್ಕ ಕಡೆ ಆಳ, ಪುಸ್ತಕ ಬಗ್ಗಿದ ಕಡೆ ತೇಲು. ಮೇಜಿನ ಮೇಲಿಟ್ಟು ನಿಧಾನವಾಗಿ ನಕಲು ಮಾಡಿದ್ದರೆ ಒಂದೇ ಸಮನಾದ ಒತ್ತಡ. ಇದು ಕಡೆಯ ಮಾತಲ್ಲ, ಆದರೆ ಒಳ್ಳೆಯ ಸುಳಿವು.

ನಾನು ಅದಕ್ಕಿಂತ ಜಾಸ್ತಿ ನೋಡಬಯಸುವುದು ಉಳಿದ ಪುಟಗಳನ್ನು. ನೀವು ಪೆಲೆ ಪುಟ ಒಂದನ್ನೇ ಕಳಿಸಿದ್ದೀರಿ. ಹಿಂದಿನ ಮುಂದಿನ ಪುಟಗಳಲ್ಲಿ ಯಾರ ಸಹಿ ಇದೆ? ತಾರೀಕು ಇದೆಯಾ? ಅದೇ ನೀಲಿ ಪೆನ್ನಿನಲ್ಲಿ ಆ ಆಟದ ಬೇರೆ ಆಟಗಾರರ ಸಹಿಯೂ ಇದೆಯಾ? ಶ್ಯಾಮ್ ಥಾಪಾ, ಹಬೀಬ್ ಸಹಿಗಳನ್ನು ಸುಳ್ಳು ಮಾಡಲು ಆಗ ಯಾರಿಗೂ ಕಾರಣವಿರಲಿಲ್ಲ. ಅವು ಪಕ್ಕದಲ್ಲಿದ್ದರೆ ಪೆಲೆಗೆ ಸಾಕ್ಷಿ ಹೇಳುತ್ತವೆ. ಪುಟ ಕತ್ತರಿಸಬೇಡಿ ಅಂದದ್ದು ಇದಕ್ಕೇ. ಕತ್ತರಿಸಿದ ಕ್ಷಣ ಆ ಸಾಕ್ಷಿಗಳನ್ನು ನೀವೇ ಹೊರಗೆ ಕಳಿಸಿದಂತೆ.

ಸಹಿಯ ಬೆಲೆ ಬರೀ ಶಾಯಿಯಲ್ಲಿಲ್ಲ. ಅದು ಬಂದ ದಾರಿಯಲ್ಲಿದೆ. ಒಂದು ಉದಾಹರಣೆ ಹೇಳುತ್ತೇನೆ. 2000ದ ಡಿಸೆಂಬರ್ 14ರಂದು ಬಾರ್ಸಿಲೋನಾದಲ್ಲಿ, ಹದಿಮೂರು ವರ್ಷದ ಮೆಸ್ಸಿಯನ್ನು ಕ್ಲಬ್ಬಿಗೆ ಸೇರಿಸಿಕೊಳ್ಳುತ್ತೇವೆ ಅಂತ ಒಂದು ಪೇಪರ್ ನ್ಯಾಪ್ಕಿನ್ ಮೇಲೆ ಬರೆದುಕೊಟ್ಟರು. ಸಹಿ ಹಾಕಿದವರು ಕ್ಲಬ್ಬಿನ ಕಾರ್ಲೆಸ್ ರೆಕ್ಸಾಕ್ ಮತ್ತು ಇನ್ನಿಬ್ಬರು. ಮೆಸ್ಸಿಯ ಸಹಿ ಅದರಲ್ಲಿ ಇಲ್ಲವೇ ಇಲ್ಲ. ಆದರೂ 2024ರಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಅದು 7,62,400 ಪೌಂಡಿಗೆ ಹೋಯಿತು. ಕಾರಣ, ಯಾರು ಬರೆದರು, ಎಲ್ಲಿ, ಯಾಕೆ, ಅಲ್ಲಿಂದ ಯಾರ ಹತ್ತಿರ ಇತ್ತು ಅನ್ನೋದು ಕೊಂಡಿ ಬಿಡದ ಹಾಗೆ ಗೊತ್ತಿತ್ತು. ನಿಮ್ಮ ಜೆರ್ಸಿಗೆ ಇಲ್ಲದಿರುವುದು ಇದೇ, ನಿಮ್ಮಪ್ಪನ ಪುಸ್ತಕಕ್ಕೆ ಇರಬಹುದಾದದ್ದೂ ಇದೇ.

ಪರೀಕ್ಷೆ ಮಾಡಿಸಬೇಕು ಅಂದರೆ ದಾರಿ ಇವೆ, ಪ್ರತಿಯೊಂದಕ್ಕೂ ತೊಡಕಿದೆ. ಇಲ್ಲಿನ ದಸ್ತಾವೇಜು ಪರೀಕ್ಷಕರು ಅದು ಪೆನ್ನಿನದಾ, ಪ್ರಿಂಟಾ, ಬಿಡಿಸಿದ್ದಾ ಅನ್ನೋದನ್ನು ಹೇಳಬಲ್ಲರು. ಪೆಲೆಯದೇ ಅನ್ನೋಕೆ ಅದೇ ಕಾಲದ, ಖಚಿತವಾದ ಅವನ ಸಹಿಗಳು ಹೋಲಿಕೆಗೆ ಬೇಕು. ಪೆಲೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ತರ ಬರೆದಿದ್ದಾನೆ. ಎಡ್ಸನ್ ಎಂಬ ತನ್ನ ಹೆಸರನ್ನು ಸೇರಿಸಿ ಬರೆದದ್ದೂ ಉಂಟು. 2015ರಲ್ಲಿ ಅವನು ಮತ್ತೆ ಕೋಲ್ಕತ್ತಾಗೆ ಬಂದಾಗ ಹಾಕಿದ ಸಹಿಯ ಜೊತೆ 1977ರದ್ದನ್ನು ಹೋಲಿಸುವುದು ತಪ್ಪು. ವಯಸ್ಸಾದ ಕೈ ಬೇರೆಯೇ ಆಗಿರುತ್ತದೆ. ವಿದೇಶದ ಸಂಸ್ಥೆಗಳ ಹತ್ತಿರ ಹೋಲಿಕೆಗೆ ಮಾದರಿಗಳು ಇರುತ್ತವೆ. ಆದರೆ ಪುಸ್ತಕ ಅಂಚೆಯಲ್ಲಿ ಕಳೆದರೆ? ಶುಲ್ಕ, ವಿಮೆ, ಕಸ್ಟಮ್ಸ್ ಬೇರೆ. ಕೊನೆಗೆ ಅವರು ಕೊಡುವುದೂ ಒಂದು ಅಭಿಪ್ರಾಯವೇ. "ಹೇಳಲಾಗದು" ಅಂತ ವಾಪಸ್ ಬರುವುದೂ ಇದೆ. ನೀವು ಮಾರುವುದಿಲ್ಲ ಅಂತ ಬರೆದಿದ್ದೀರಿ. ಹಾಗಿದ್ದರೆ ಪುಸ್ತಕವನ್ನು ಸಮುದ್ರ ದಾಟಿಸುವ ಅಗತ್ಯ ನನಗೆ ಕಾಣೋದಿಲ್ಲ.

ಕಾಪಾಡುವುದು ಸುಲಭ. ಲ್ಯಾಮಿನೇಶನ್ ಯಾಕೆ ಬೇಡ ಅಂದರೆ, ಅದರ ಬಿಸಿ ಮತ್ತು ಅಂಟು ಶಾಯಿಯ ಒಳಗೆ ಇಳಿಯುತ್ತದೆ, ಮತ್ತೆ ತೆಗೆಯೋಕೆ ಆಗಲ್ಲ. ನಾನು ಹುಡುಗನಾಗಿದ್ದಾಗ ಒಬ್ಬ ಹಿರಿಯ ಒಲಿಂಪಿಯನ್ ನನ್ನ ಪುಸ್ತಕದಲ್ಲಿ ಬರೆದುಕೊಟ್ಟಿದ್ದರು. ಪುಟ ಹರಿಯಿತು ಅಂತ ಸೆಲೋಟೇಪ್ ಹಚ್ಚಿದೆ. ಇವತ್ತು ಅಲ್ಲಿ ಜೇನುತುಪ್ಪದ ಬಣ್ಣದ ಒಂದು ಪಟ್ಟಿ ಇದೆ, ಅದರ ಕೆಳಗೆ ಅವರ ಹೆಸರಿನ ಮೊದಲ ಎರಡು ಅಕ್ಷರ ಕರಗಿಹೋಗಿವೆ. ಆ ಪುಟ ತೆರೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಪುಸ್ತಕವನ್ನು ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಗಟ್ಟಿ ಡಬ್ಬಿಯಲ್ಲಿ, ಬಿಸಿಲು ಬೀಳದ ಒಣ ಜಾಗದಲ್ಲಿ ಮಲಗಿಸಿಡಿ. ಸಿಲಿಕಾ ಜೆಲ್ ಪೊಟ್ಟಣ ಇಡಬಹುದು. ಡಾಂಬರು ಗುಳಿಗೆ ಪುಸ್ತಕಕ್ಕೆ ತಾಗಿಸಿ ಇಡಬೇಡಿ. ಗೋಡೆಗೆ ಹಾಕಬೇಕು ಅನ್ನಿಸಿದರೆ ಪುಟದ ಒಳ್ಳೆಯ ಸ್ಕ್ಯಾನ್ ತೆಗೆಸಿ ಅದನ್ನು ಹಾಕಿ.

ಮಗನ ಪತ್ರಗಳ ವಿಷಯ. ಪ್ರಿಂಟ್ ಆದ ಕಾರ್ಡ್ ಬಂತು ಅಂದರೆ ಅವನಿಗೆ ಮೋಸವಾಗಿಲ್ಲ. ದೊಡ್ಡ ಕ್ಲಬ್‌ಗಳಿಗೆ ಬರುವ ಪತ್ರಗಳ ರಾಶಿಗೆ ಎಲ್ಲರೂ ಕೂತು ಸಹಿ ಹಾಕೋಕೆ ಆಗಲ್ಲ, ಹಾಗಾಗಿ ಪ್ರಿಂಟ್ ಕಾರ್ಡ್ ಕಳಿಸುತ್ತಾರೆ. ನಿಜವಾದ ಸಹಿಗೆ ಒಳ್ಳೆಯ ಜಾಗ ಜರ್ಮನಿ. ಅಲ್ಲಿ ‘ಆಟೋಗ್ರಾಮ್‌ಕಾರ್ಟೆ’ ಅಂತ ಹಳೆಯ ರೂಢಿ ಇದೆ. ಆಟಗಾರನ ಫೋಟೋ ಇರುವ ಕಾರ್ಡನ್ನು ಕ್ಲಬ್ಬೇ ಅಚ್ಚು ಹಾಕಿಸುತ್ತದೆ. ಅಭಿಮಾನಿ ಪತ್ರ ಬರೆದು, ತನ್ನ ವಿಳಾಸ ಬರೆದ ಲಕೋಟೆ ಮತ್ತು ವಾಪಸಿನ ಅಂಚೆ ಖರ್ಚು ಇಟ್ಟರೆ ಸಹಿ ಹಾಕಿ ಕಳಿಸುತ್ತಾರೆ. ಎಲ್ಲ ಕ್ಲಬ್ಬೂ, ಎಲ್ಲ ಆಟಗಾರರೂ ಅಲ್ಲ. ದೊಡ್ಡ ಹೆಸರಿನವರ ಕಾರ್ಡಲ್ಲಿ ಸಹಿ ಪ್ರಿಂಟೇ ಇರುವುದು ಜಾಸ್ತಿ. ಎರಡನೇ ದರ್ಜೆಯ ಲೀಗಿನವರು, ಗೋಲ್‌ಕೀಪರ್‌ಗಳು, ಹೊಸ ಹುಡುಗರು, ನಿವೃತ್ತರಾದವರು ಉತ್ತರಿಸುವ ಸಾಧ್ಯತೆ ಹೆಚ್ಚು.

ವಾಪಸಿನ ಲಕೋಟೆಗೆ ಭಾರತದ ಸ್ಟಾಂಪ್ ಅಂಟಿಸಿ ಕಳಿಸಿದರೆ ಅಲ್ಲಿಂದ ವಾಪಸ್ ಬರೋಕೆ ಅದು ನಡೆಯೋದಿಲ್ಲ, ಆ ದೇಶದ್ದೇ ಬೇಕು. ಬ್ರಿಟನ್ನಿಗಾದರೆ ಇನ್ನೊಂದು ಎಚ್ಚರಿಕೆ. ರಾಣಿಯ ತಲೆಯಷ್ಟೇ ಇರುವ, ಬಾರ್‌ಕೋಡ್ ಇಲ್ಲದ ಹಳೆಯ ಮಾಮೂಲಿ ಸ್ಟಾಂಪುಗಳು 2023ರಿಂದ ಅಲ್ಲಿ ನಡೆಯುವುದಿಲ್ಲ. ಯಾರೋ ಕೊಟ್ಟ ಹಳೇ ಸ್ಟಾಂಪ್ ಇಟ್ಟು ಕಳಿಸಿ ವರ್ಷಗಟ್ಟಲೆ ಕಾಯುವ ಮಕ್ಕಳಿದ್ದಾರೆ. ಅಲ್ಲಿ ನೆಂಟರಿದ್ದರೆ ಹೊಸ ಸ್ಟಾಂಪ್ ತರಿಸಿ. ಪತ್ರ ಅರ್ಧ ಪುಟ ಸಾಕು. ಆಟಗಾರನ ಯಾವುದೋ ಒಂದು ಆಟದ ಬಗ್ಗೆ ಮಗ ತಾನೇ ಎರಡು ಸಾಲು ಬರೆಯಲಿ, ಕೈಬರಹದಲ್ಲಿ. ಕಳೆದರೆ ಬೇಜಾರಾಗುವ ಯಾವ ವಸ್ತುವನ್ನೂ ಕಳಿಸಬೇಡಿ.

ಆದರೆ ನನ್ನನ್ನು ಕೇಳಿದರೆ, ಎದುರಿಗೆ ನಿಂತು ಹಾಕಿಸಿಕೊಂಡ ಒಂದು ಸಹಿ ಗೋಡೆ ತುಂಬ ಕೊಂಡ ಸಹಿಗಳಿಗಿಂತ ದೊಡ್ಡದು. ಅದಕ್ಕೆ ಮೆಸ್ಸಿಯೇ ಬೇಕಿಲ್ಲ. ಬೆಂಗಳೂರಿಗೆ ಬಂದಾಗ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಆಟ ನೋಡಿ. ಸುನಿಲ್ ಛೆಟ್ರಿಯಂಥವರ ಸುತ್ತ ನೂಕುನುಗ್ಗಲು ಇದ್ದೇ ಇರುತ್ತದೆ. ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನ ಲೀಗ್ ಆಟಗಳಿಗೆ ಹೋದರೆ ಆಟಗಾರರು ಕಿಟ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಿಮ್ಮ ಪಕ್ಕದಲ್ಲೇ ನಡೆದು ಹೋಗುತ್ತಾರೆ. ಹೆಸರು ಹಿಡಿದು ಕರೆದರೆ ನಿಲ್ಲುತ್ತಾರೆ. ನಮ್ಮ ಹಳಬರನ್ನೂ ಮರೆಯಬೇಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಈಸ್ಟ್ ಬೆಂಗಾಲ್‌ನ ‘ಪಂಚಪಾಂಡವ’ರು ಅನ್ನಿಸಿಕೊಂಡ ಐವರು ಮುಂಚೂಣಿ ಆಟಗಾರರಲ್ಲಿ ಅಹ್ಮದ್ ಖಾನ್ ಇಲ್ಲಿಯವರೇ. ಅವರ ಸಹಿಗಳು ಹಲಸೂರು, ಆಸ್ಟಿನ್ ಟೌನ್ ಕಡೆಯ ಹಳೇ ಟ್ರಂಕುಗಳಲ್ಲಿ ಈಗಲೂ ಇದ್ದಾವು. ಯಾರೂ ಕೇಳದೆ ರದ್ದಿಗೆ ಹೋಗುತ್ತಿವೆ ಅನ್ನೋದು ನನಗೆ ನಿಜವಾದ ಸಂಕಟ.

ಹೋಗುವಾಗ ಎರಡು ಪೆನ್ನು ಇರಲಿ. ಕಾಗದಕ್ಕೆ ಬಾಲ್‌ಪೆನ್ನು, ಬಟ್ಟೆಗೆ ಪರ್ಮನೆಂಟ್ ಮಾರ್ಕರ್. ಜೆರ್ಸಿಯ ಒಳಗೆ ರಟ್ಟು ಸೇರಿಸಿ ಬಿಗಿಯಾಗಿ ಹಿಡಿದರೆ ಆಟಗಾರನಿಗೂ ಬರೆಯೋದು ಸುಲಭ. ಗಾಢ ಬಣ್ಣದ ಬಟ್ಟೆ ಬೇಡ, ಶಾಯಿ ಕಾಣೋದಿಲ್ಲ. ಚೆಂಡಿನ ಮೇಲೆ ಬರೆಸಿದರೆ ಒಣಗುವವರೆಗೆ ಕೈ ತಾಗಿಸಬಾರದು. "ನನ್ನ ಹೆಸರೂ ಬರೆಯಿರಿ" ಅಂತ ಕೇಳಲು ಹೇಳಿ. ಮಾರೋಕೆ ಅಂತ ಸಹಿ ಕೇಳುವವರ ಕಾಟದಿಂದ ಅನೇಕ ಆಟಗಾರರಿಗೆ ಬೇಸರವಾಗಿದೆ. ಹೆಸರು ಬರೆಯಿರಿ ಅಂದ ಹುಡುಗನಿಗೆ ಅವರು ಖುಷಿಯಿಂದ ಹಾಕಿಕೊಡುತ್ತಾರೆ. ಹೆಸರು ಬಿದ್ದರೆ ಮಾರುಕಟ್ಟೆ ಬೆಲೆ ಇಳಿಯುತ್ತದೆ ನಿಜ, ಅದು ನಿಮಗೆ ಬೇಕಿಲ್ಲವಲ್ಲ. ಸಹಿ ಹಾಕುವಾಗ ಪಕ್ಕದಲ್ಲಿದ್ದವರು ಒಂದು ಫೋಟೋ ತೆಗೆಯಲಿ. ರಾತ್ರಿ ಹೋಟೆಲ್ ಬಾಗಿಲಲ್ಲಿ ಕಾಯೋದು, ಬಸ್ಸಿನ ಹಿಂದೆ ಓಡೋದು 15 ವರ್ಷದವನಿಗೆ ಬೇಡ. ನೀವೋ ಅವನ ಅಪ್ಪನೋ ಜೊತೆಗಿರಿ.

ಹವ್ಯಾಸ ಬಿಡಿಸಬೇಡಿ. ಒಂದು ನೂರು ಪುಟದ ನೋಟ್‌ಬುಕ್ ಕೊಡಿಸಿ. ಸಹಿ ಸಿಕ್ಕ ದಿನವೇ ತಾರೀಕು, ಜಾಗ, ಯಾವ ಆಟ, ಯಾವ ಪೆನ್ನು, ಯಾರು ಜೊತೆಗಿದ್ದರು, ಆಟಗಾರ ಏನಂದ ಅನ್ನೋದನ್ನು ಬರೆದಿಡಲಿ. ಸಿಗದ ದಿನದ್ದೂ ಬರೆಯಲಿ.

ಮೊದಲ ಪುಟ ಅಜ್ಜನದಾಗಲಿ. ನಿಮ್ಮ ತಾಯಿ ಇದ್ದಾರೆ ಅಂತ ಪತ್ರದಲ್ಲಿ ಬರೆದಿದ್ದೀರಿ. ಮಗನನ್ನು ಅವರ ಮುಂದೆ ಕೂರಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಅಪ್ಪ ಯಾವ ಗಾಡಿಯಲ್ಲಿ ಹೋದರು, ಜೊತೆಗೆ ಯಾರಿದ್ದರು, ವಾಪಸ್ ಬಂದು ಪುಸ್ತಕ ತೋರಿಸಿ ಏನಂದರು, ಎಲ್ಲ ಕೇಳಿ. ಜೊತೆಗಿದ್ದ ರೈಲ್ವೆ ಗೆಳೆಯರು ಯಾರಾದರೂ ಬದುಕಿದ್ದರೆ ಅವರನ್ನೂ ಹುಡುಕಿ. ಟಿಕೆಟ್, ಅಂದಿನ ಪೇಪರು, ಮನೆಗೆ ಬರೆದ ಕಾಗದ ಟ್ರಂಕಿನ ತಳದಲ್ಲಿ ಇರಬಹುದು. ಆಮೇಲೆ ಪುಸ್ತಕದ ಎಲ್ಲ ಪುಟಗಳ ಫೋಟೋ, ಪೆಲೆ ಪುಟದ ಹಿಂಬದಿಯದು ಓರೆ ಬೆಳಕಿನಲ್ಲಿ ತೆಗೆದದ್ದು, ನನಗೆ ಕಳಿಸಿ. ಬೆಂಗಳೂರಿಗೆ ಬರುವುದಿದ್ದರೆ ಪುಸ್ತಕವನ್ನೇ ತನ್ನಿ. ಮಗನನ್ನೂ ಕರೆತನ್ನಿ, ಅವನೇ ಭೂತಗನ್ನಡಿ ಹಿಡಿದು ನೋಡಲಿ.